ಘಮಘಮ ಸಾರ್ ಅವರ ನಾಲಿಗೆ

"ನಿಮ್ಮ ಬಾಯಿ ಕೆಟ್ಟಿರೋದು ಮದುವೆಯಾದ ವಾರಕ್ಕೇ ಗೊತ್ತಾಯ್ತು. ಅದನ್ನ ಹೇಳೋಕೆ ಬೆಳಿಗ್ಗೆ ಬೆಳಿಗ್ಗೆ ಅಡುಗೆಮನೆ ಬಾಗಿಲು ಹಾಕ್ಬೇಕಾ?" ಎಂದಳು ಹೆಂಡತಿ.

"ಆ ಕೆಡೋದಲ್ಲ ಕಣೆ. ನಾಲಿಗೆಗೆ ರುಚಿ ಇಲ್ಲ, ಮೂಗಿಗೆ ವಾಸನೆ ಇಲ್ಲ. ನೆಗಡಿ ಬಂದು ಹೋಯ್ತಲ್ಲ, ಹೋಗ್ತಾ ಎರಡನ್ನೂ ಕರ್ಕೊಂಡು ಹೋಯ್ತು."

"ನೆಗಡಿ ಹೋಗಿ ಮೂರು ವಾರ ಆಯ್ತಲ್ರೀ."

"ಮೂರು ವಾರ ಆಯ್ತು."

ಬೇರೆ ಯಾರಾದರೂ ಆಗಿದ್ದರೆ ಒಂದು ಕಷಾಯ ಕುಡಿದು ಸುಮ್ಮನಿರುತ್ತಿದ್ದರು. ಆದರೆ ಇವನು ಬಸ್ ಡಿಪೋ ಕ್ಯಾಂಟೀನಿನಲ್ಲಿ ಈರುಳ್ಳಿ ಸುಲಿದು, ದೊಡ್ಡ ಹೋಟೆಲಿನ ಮುಖ್ಯ ಬಾಣಸಿಗನಾಗಿ, ಪತ್ರಿಕೆಗೆ ಅಂಕಣ ಬರೆದು, ಒಂಬತ್ತು ವರ್ಷದಿಂದ ಟೀವಿಯಲ್ಲಿ ನಿಂತವನು. ಪಾತ್ರೆಯ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೂಗರಳಿಸಿ "ಘಮಘಮ" ಎನ್ನುವುದೇ ಅವನ ಗುರುತು. ಸುತ್ತಲ ಊರಿನವರೆಲ್ಲ ಅವನ ಹೆಸರು ಮರೆತು ಘಮಘಮ ಸಾರ್ ಎಂದೇ ಕರೆಯುತ್ತಿದ್ದರು. ಇನ್ನೆರಡು ಗಂಟೆಯಲ್ಲಿ ಟೀವಿಯ ಅಡುಗೆ ಸ್ಪರ್ಧೆಯ ಕೊನೆಯ ಸುತ್ತು. ಗೆದ್ದವರಿಗೆ ಹೋಟೆಲಿನಲ್ಲಿ ಕಾಯಂ ಕೆಲಸ. ತೀರ್ಪು ಕೊಡಬೇಕಾದವನು ಇವನೊಬ್ಬನೇ.

ಹೆಂಡತಿ ಒಲೆ ಆರಿಸಿ ಸ್ಟೂಲಿನ ಮೇಲೆ ಕುಳಿತಳು. ಮುಖದಲ್ಲಿ ಕನಿಕರ ಮೂಡೀತು ಎಂದು ಅವನು ಕಾದ. ಮೂಡಿದ್ದು ಬೇರೆಯೇ.

"ಅಂದ್ರೆ ಈ ಮೂರು ವಾರ ನಾನು ಹಾಕಿದ್ದನ್ನ ತುಟಿ ಪಿಟಕ್ಕೆನ್ನದೆ ತಿಂದಿದ್ದು?"

"ಅದಕ್ಕೇ."

"ಹೋದ ಸೋಮವಾರ ಇನ್ನೊಂದು ಸಲ ಬಡಿಸು ಅಂದಿದ್ದು?"

"ಹೊಟ್ಟೆ ಹಸಿದಿತ್ತು."

"ಗಂಡ ಕೊನೆಗೂ ಒಳ್ಳೆಯವನಾದ ಅಂತ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೆ ಕಣ್ರೀ. ಈಗ ನೋಡಿದ್ರೆ ಅದು ಕಾಯಿಲೆ."

"ನಿನಗೆ ತಮಾಷೆ. ನನ್ನ ಹೊಟ್ಟೆಯೊಳಗೆ ಏನಾಗ್ತಿದೆ ಗೊತ್ತಾ?"

"ಹೊಟ್ಟೆಗೂ ಬಂತಾ?"

ಅವನು ತಲೆ ತಗ್ಗಿಸಿ ಉಳಿದದ್ದನ್ನೂ ಹೇಳಿಕೊಂಡ. ನಿಜವಾಗಿ ಚುಚ್ಚುತ್ತಿದ್ದದ್ದು ಹಿಂದಿನ ವಾರದ ಕಂತು. ಆಸ್ಪತ್ರೆ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಹೆಂಗಸೊಬ್ಬಳು ಕುಂಬಳಕಾಯಿ ಸೂಪು ಮಾಡಿ ಮುಂದಿಟ್ಟಿದ್ದಳು. ಬಾಯಿಗೆ ಬಿಟ್ಟರೆ ಬಿಸಿನೀರು. ಸ್ಪರ್ಧೆಯಿಂದ ಯಾರನ್ನಾದರೂ ಮನೆಗೆ ಕಳಿಸಲೇಬೇಕಿತ್ತು. ಅವಳ ಕೈ ನಡುಗುವುದು ಕಂಡು, "ಉಪ್ಪು ಜಾಸ್ತಿಯಾಯ್ತಮ್ಮ" ಎಂದುಬಿಟ್ಟ. ಅವಳು ಏಪ್ರನ್ ಮಡಿಸಿಟ್ಟು ಹೊರಟುಹೋದಳು.

"ಕೈ ನಡುಗಿದ್ದಕ್ಕೆ ಉಪ್ಪು ಜಾಸ್ತಿ ಅಂದ್ರಾ?" ಎಂದಳು ಹೆಂಡತಿ. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. "ಕಾಲೂ ನಡುಗಿದ್ರೆ ಖಾರ ಜಾಸ್ತಿ ಅಂತಿದ್ರಾ?"

"ಏನೋ ಒಂದು ಹೇಳ್ಬೇಕಿತ್ತಲ್ಲ."

"ಗೊತ್ತಾಗ್ತಿಲ್ಲ ಅಂತ ಹೇಳ್ಬೇಕಿತ್ತು. ಮೊದಲು ಆ ಟೀವಿ ನಿರ್ದೇಶಕಿಗೆ ಫೋನ್ ಮಾಡಿ."

ಮಾಡಿದ. ನಿರ್ದೇಶಕಿ ಇಪ್ಪತ್ತೇಳರ ಚುರುಕು ಹುಡುಗಿ. ಪೂರ್ತಿ ಕೇಳಿಸಿಕೊಂಡಳು.

"ಅಷ್ಟೇನಾ ಸಾರ್? ನಾನು ಕಾರು ಕೆಟ್ಟೋಯ್ತೇನೋ ಅಂತ ಹೆದರಿದೆ."

"ನನಗೆ ರುಚಿ ಗೊತ್ತಾಗಲ್ಲಮ್ಮ."

"ನಾಲಿಗೆ ಟೀವಿಯಲ್ಲಿ ಕಾಣಲ್ಲ ಸಾರ್. ಮುಖ ಇದೆಯಲ್ಲ? ಈ ಮೂರು ವಾರ ನಿಮ್ಮ ಮುಖದಲ್ಲಿ ಏನೋ ಒಂದು ಆಳ ಬಂದಿದೆ ಅಂತ ನೋಡೋರೆಲ್ಲ ಬರೀತಿದಾರೆ. ಹತ್ತಕ್ಕೆ ಬಂದ್ಬಿಡಿ."

ಫೋನ್ ಇಟ್ಟಾಗ ಒಂಬತ್ತು ವರ್ಷದ ಹೆಸರು ಅವನ ಕಣ್ಣೆದುರೇ ಸಣ್ಣದಾಯಿತು. ಆಳವಂತೆ. ಅದು ಖಾಲಿ ಬಾವಿಯ ಆಳ ಎಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು?

"ಇನ್ನೊಂದು ಫೋನ್ ಬಾಕಿ ಇದೆ," ಎಂದಳು ಹೆಂಡತಿ.

ಫೋನಿನ ಆ ಕಡೆ ಆಸ್ಪತ್ರೆ ಕ್ಯಾಂಟೀನಿನ ತಟ್ಟೆಗಳ ಸದ್ದು ಕಿವಿಗಡಚಿಕ್ಕುತ್ತಿತ್ತು.

"ಅಮ್ಮಾ, ಉಪ್ಪಿನ ವಿಷಯ ಸ್ವಲ್ಪ ಮಾತಾಡೋದಿತ್ತು."

"ಎರಡು ಮೂಟೆ ಸಾಕು. ಹೋದ ಸಲದ ಥರ ಒದ್ದೆ ಮೂಟೆ ಕಳಿಸಬೇಡಿ."

"ನಾನು ಉಪ್ಪಿನವನಲ್ಲ. ಟೀವಿಯವನು. ನಿಮ್ಮ ಸೂಪಿಗೆ ಉಪ್ಪು ಜಾಸ್ತಿ ಅಂದೋನು."

ಆ ಕಡೆ ಸೌಟು ಕೆಳಗಿಟ್ಟ ಸದ್ದಾಯಿತು.

"ಟೀವಿಯಲ್ಲಿ ಹೇಳಿದ್ದು ಸಾಲದು ಅಂತ ಫೋನಲ್ಲೂ ಹೇಳೋಕೆ ಮಾಡಿದ್ರಾ ಸಾರ್?"

"ಇಲ್ಲಮ್ಮ. ತಪ್ಪಾಯ್ತು ಅನ್ನೋಕೆ ಮಾಡಿದೆ. ಆವತ್ತು ನನಗೆ ರುಚಿಯೇ ಗೊತ್ತಾಗಿರಲಿಲ್ಲ. ಸುಮ್ಮನೆ ಅಂದಾಜಿನ ಮೇಲೆ ನಿಮ್ಮನ್ನ ಮನೆಗೆ ಕಳಿಸಿದೆ. ಇವತ್ತು ಬಂದು ನನ್ನ ಪಕ್ಕ ಕೂತು ರುಚಿ ನೋಡ್ತೀರಾ? ನೀವು ಹೇಳಿದ್ದೇ ತೀರ್ಪು. ಎಲ್ಲರ ಮುಂದೆ ನಾನೇ ಹೇಳ್ತೀನಿ."

ಅವಳು ಯಾರಿಗೋ ಸಾರಿನ ಪಾತ್ರೆ ಇಳಿಸಲು ಕೂಗಿ ಹೇಳಿದಳು. ಆಮೇಲೆ ಅವಳೆಂದಳು: "ಇಲ್ಲಿ ಇನ್ನೂರು ಜನಕ್ಕೆ ಬಡಿಸಿ ಬರಬೇಕು. ಹನ್ನೊಂದಾಗತ್ತೆ."

"ಕಾಯ್ತೀವಿ."

ಕಾದರು. ನಿರ್ದೇಶಕಿ ಕೈ ಕೈ ಹಿಸುಕಿಕೊಂಡಳು, ಕಾಲು ನೆಲಕ್ಕೆ ಬಡಿದಳು. ಹನ್ನೊಂದೂ ಕಾಲಿಗೆ ಕ್ಯಾಂಟೀನಿನ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಕ್ಯಾಮೆರಾ ಓಡಲು ಶುರುವಾದಾಗ ಅವನು ಮುಚ್ಚಳ ತೆಗೆಯಲಿಲ್ಲ, ಮೂಗರಳಿಸಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದ. ಮೂರು ವಾರ ಸುಳ್ಳೇ ಘಮಘಮ ಅಂದೆ, ಕ್ಷಮಿಸಿ ಎಂದ. ಆಗ ಗಂಟಲು ಕಟ್ಟಿತು.

"ಕಟ್," ಎಂದಳು ನಿರ್ದೇಶಕಿ. "ಚೆನ್ನಾಗಿ ಬಂತು ಸಾರ್. ಗಂಟಲು ಕಟ್ಟೋದು ಮಾತ್ರ ಇನ್ನೊಂದು ಸಲ, ಸ್ವಲ್ಪ ನಿಧಾನಕ್ಕೆ."

"ಇನ್ನೊಂದು ಸಲ ಕಟ್ಟಲ್ಲಮ್ಮ," ಎಂದ ಅವನು. ಕಟ್ಟಲೂ ಇಲ್ಲ.

ಹೆಂಗಸು ಉಳಿದಿದ್ದ ಮೂವರು ಸ್ಪರ್ಧಿಗಳ ತಟ್ಟೆಯ ರುಚಿ ನೋಡಿದಳು. ಒಂದಕ್ಕೆ ಹುಳಿ ಹೆಚ್ಚು, ಒಂದು ಬೆಂದಿಲ್ಲ, ಮೂರನೆಯದು ಸೈ ಎಂದಳು. ಮೂರನೆಯವನು ಕೆಲಸ ಗೆದ್ದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಎರಡು ನಿಮಿಷದಲ್ಲಿ ಮುಗಿದುಹೋದ ತೀರ್ಪು. ಘಮಘಮ ಸಾರ್ ಆಗಿದ್ದರೆ ಮುಕ್ಕಾಲು ಗಂಟೆ ಎಳೆಯುತ್ತಿದ್ದರು.

ದೀಪಗಳು ಆರಿದ ಮೇಲೆ, ನೋಡಲು ಬಂದಿದ್ದ ಹೆಂಡತಿಯೂ ಪಕ್ಕದಲ್ಲಿ ನಿಂತಿದ್ದಳು. ಅವನು ಕ್ಯಾಂಟೀನಿನವಳಿಗೆ ಮತ್ತೊಮ್ಮೆ ಕೈ ಮುಗಿದ.

"ನಿಮ್ಮ ಸೂಪಿಗೆ ಅನ್ಯಾಯ ಮಾಡಿದೆ."

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಫೋನಲ್ಲೇ ಹೇಳೋಣ ಅಂದ್ಕೊಂಡೆ ಸಾರ್, ಆದ್ರೆ ನೀವು ಇಲ್ಲಿಗೆ ಕರೆದ್ರಲ್ಲ, ಬಾಯಿ ಮುಚ್ಕೊಂಡೆ. ಆವತ್ತು ಗಾಬರಿಯಲ್ಲಿ ಎರಡು ಸಲ ಉಪ್ಪು ಹಾಕಿದ್ದೆ. ಮನೆಗೆ ಹೋಗೋ ಮುಂಚೆ ಒಂದು ಚಮಚ ಬಾಯಿಗೆ ಹಾಕ್ಕೊಂಡು ನೋಡಿದೆ, ನುಂಗೋಕೆ ಆಗಲಿಲ್ಲ. ನೀವು ಹೇಳಿದ್ದು ಸರೀನೇ."

ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಎದೆ ಉಬ್ಬಿತು. ಹೆಂಡತಿಯತ್ತ ತಿರುಗಿದ.

"ಕೇಳಿದೆಯಾ? ಇದಕ್ಕೇ ಅನುಭವ ಅನ್ನೋದು."

"ಕೇಳಿದೆ," ಎಂದಳು ಹೆಂಡತಿ, ಅವನ ಕೈಗೆ ಕೋಟು ಕೊಡುತ್ತ. "ಅಂದ್ರೆ ಇಷ್ಟು ವರ್ಷ ನಾಲಿಗೆಯೇ ನಿಮಗೆ ಅಡ್ಡ ಬರ್ತಿತ್ತು."