ಎಲೆ ನೋಡದ ಅತ್ತೆ

ನಮ್ಮ ಸೋದರತ್ತೆ ಇಸ್ಪೀಟಿನಲ್ಲಿ ಈವರೆಗೆ ಸೋತಿಲ್ಲ. ಗೆಲ್ಲುವಂಥ ಎಲೆ ಅವಳಿಗೆ ಬಂದಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ; ಅವಳಿಗೂ ಗೊತ್ತಿಲ್ಲ! ಏಕೆಂದರೆ ಅವಳು ತನ್ನ ಎಲೆಗಳನ್ನು ನೋಡುವುದೇ ಇಲ್ಲ.

ಪೋಕರ್ ಎಂಬ ಆಟವನ್ನು ಧಾರವಾಡದ ಹಾಸ್ಟೆಲಿನಿಂದ ಮೊರಬದ ನಮ್ಮ ಮನೆಗೆ ತಂದ ಪಾಪ ನನ್ನದು. ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬಂದು ಜೋಕಾಲಿ ಆಡುತ್ತಾರೆ, ಉಂಡಿ ತಿನ್ನುತ್ತಾರೆ. ಗುಡಗೇರಿಗೆ ಕೊಟ್ಟ ಅತ್ತೆ ಮಾತ್ರ ಜೋಕಾಲಿ ಬಿಟ್ಟು ಪಡಸಾಲೆಯಲ್ಲಿ ಇಸ್ಪೀಟಿಗೆ ಕೂರುತ್ತಾಳೆ. ಪಣಕ್ಕೆ ಶೇಂಗಾ ಉಂಡಿ. ಕೈಗೆ ಎರಡೆರಡು ಎಲೆ, ಒಂದು ಸುತ್ತು ಪಣ, ಆಮೇಲೆ ನಡುವೆ ಮೂರು ಎಲೆ ತೆರೆಯಬೇಕು. ಆದರೆ ಆ ಮೂರು ಎಲೆಗಳ ಮುಖವನ್ನು ನಮ್ಮ ಮನೆಯಲ್ಲಿ ಕಂಡವರು ಯಾರು? ನಾನು ಒಂದು ಉಂಡಿ ಇಟ್ಟರೆ ಅತ್ತೆ ಎರಡು. ಅಪ್ಪ ನಾಲ್ಕಕ್ಕೆ ಏರಿಸಿದರೆ ಅತ್ತೆ ಎಂಟು. ಮೊದಲು ನಿನ್ನ ಎಲೆಯನ್ನಾದರೂ ನೋಡು ಎಂದು ಅವ್ವ ಗದರಿದರೆ ಉತ್ತರ ಸಿದ್ಧವಿತ್ತು.

"ನೋಡೂದೇನೈತಿ? ನೋಡಿದ್ರ ಹೆದರಿಕಿ ಬರತೈತಿ."

ನಾವೆಲ್ಲ ಸೋಲೊಪ್ಪಿ ಎಲೆ ಕೆಳಗಿಡುತ್ತಿದ್ದೆವು. ಉಂಡಿ ಡಬ್ಬಿ ಗುಡಗೇರಿಯ ದಾರಿ ಹಿಡಿಯುತ್ತಿತ್ತು.

ಈ ಚಟ ಇಸ್ಪೀಟಿಗಷ್ಟೇ ಎಂದುಕೊಳ್ಳಬೇಡಿ. ಲಗ್ನಪತ್ರಿಕೆ ಕೊಡಲು ಅವಳ ಮನೆಗೆ ಬಂದ ಬೀಗರೊಬ್ಬರು ಅರ್ಧ ಕಪ್ ಚಹಾ ಸಾಕೆಂದರಂತೆ. ಅತ್ತೆ ತುಂಬಿದ ಕಪ್ ಎಂದಳು. ಆಗಲಿ ಎಂದರು. ಅವಲಕ್ಕಿ ಎಂದಳು. ಅದಕ್ಕೂ ಒಪ್ಪಿದ್ದೇ ತಪ್ಪಾಯಿತು; ಹೋಳಿಗೆಗೆ ಬೇಳೆ ಒಲೆಯ ಮೇಲೇರಿತು. ಪಾಪ, ಅವರು ಹೊರಟದ್ದು ಮರುದಿನ ಊಟ ಮುಗಿಸಿ. ಹಂಚದ ಪತ್ರಿಕೆಗಳು ಚೀಲದಲ್ಲೇ ಉಳಿದು, ಆ ಮದುವೆಗೆ ಅರ್ಧ ಜನ ಬರಲಿಲ್ಲ. ಬಂದವರಲ್ಲಿ ಅತ್ತೆಯೇ ಮೊದಲಿಗಳು!

ನವಲಗುಂದದ ನೋಂದಣಿ ಕಚೇರಿಯ ಕಥೆಯನ್ನಂತೂ ಬಳಗದವರು ಈಗಲೂ ನಕ್ಕು ನಕ್ಕು ಹೇಳುತ್ತಾರೆ. ಅಜ್ಜನ ಹೊಲದಲ್ಲಿ ತನ್ನ ಪಾಲನ್ನು ಅಣ್ಣನಿಗೆ, ಅಂದರೆ ನಮ್ಮಪ್ಪನಿಗೆ, ಬಿಟ್ಟುಕೊಡುವ ಪತ್ರಕ್ಕೆ ಅವಳು ಸಹಿ ಮಾಡಬೇಕಿತ್ತು. ಓದಿ ಸಹಿ ಮಾಡಿ ಎಂದ ಗುಮಾಸ್ತ. ಓದುವುದುಂಟೇ! ಅಜ್ಜಿ ತನಗೆಂದೇ ಕೊಟ್ಟಿದ್ದ ಹಳ್ಳದ ದಂಡೆಯ ಎರಡೆಕರೆ ಇದರಲ್ಲಿ ಇದೆಯೋ ಇಲ್ಲವೋ ಎಂದಷ್ಟೇ ಕೇಳಿದಳು. ಇಲ್ಲವೆಂದಾಗ, ಅದನ್ನೂ ಬರೆಯಿರಿ ಎಂದಳು. ಪತ್ರವನ್ನು ಹೊಸದಾಗಿ ಬರೆಸಬೇಕಾಯಿತು. ಬದಲಿಗೆ ಅವಳು ಕೇಳಿದ್ದು ಒಂದೇ.

"ವರ್ಷಾ ಪಂಚಮಿಗೆ ನನ್ನ ಕರಿಯಾಕ ಬರಬೇಕು ನೋಡಣ್ಣಾ."

ಅಪ್ಪ ಒಂದು ವರ್ಷವೂ ತಪ್ಪಿಸಲಿಲ್ಲ. ಒಮ್ಮೆ ಆಟ ಮುಗಿದ ಮೇಲೆ ಅಪ್ಪ ಸೋತು ಕೆಳಗಿಟ್ಟ ಎಲೆಗಳನ್ನು ಮಗುಚಿ ನೋಡಿದೆ. ಎರಡೂ ರಾಜಾ! ಇಂಥ ಎಲೆ ಹಿಡಿದು ಯಾರಾದರೂ ಸೋಲುತ್ತಾರೆಯೇ ಎಂದು ಕೇಳಿದೆ.

"ಆಕಿ ಮುಂದ ಯಾವ ಎಲಿ ನಡೀತಾವಲೇ?" ಎಂದು ಅಪ್ಪ ಎದ್ದು ಹೋದರು.

ಹೋದ ವರ್ಷ ಅಪ್ಪ ತೀರಿಕೊಂಡರು. ಈ ಪಂಚಮಿಗೆ ನಾನು ಅತ್ತೆಗೆ ಫೋನ್ ಮಾಡಿ ಕರೆದೆ. ಮೊಣಕಾಲು ನೋವು, ಬರಲಾಗುವುದಿಲ್ಲ ಎಂದಳು. ಅವ್ವನಿಗೆ ಹೇಳಿದೆ.

"ಫೋನಿನ್ಯಾಗ ಕರದ್ರ ಅದು ತವರಮನಿ ಅನ್ನಸ್ತೈತೇನು?" ಎಂದಳು ಅವ್ವ.

ಮರುದಿನ ಹೇಳದೆ ಕೇಳದೆ ಗುಡಗೇರಿಗೆ ಹೋದೆ. ಮೊಣಕಾಲು ನೋವಿನವಳು ಇಳಕಲ್ ಸೀರೆ ಉಟ್ಟು, ಚೀಲ ಪಕ್ಕಕ್ಕಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು!

ಸಂಜೆ ಮೊರಬದ ನಮ್ಮ ಪಡಸಾಲೆಯಲ್ಲಿ ಎಲೆ ಹಂಚಿದೆ. ಅತ್ತೆ ಒಂದೇ ಉಂಡಿ ಇಟ್ಟಳು. ಏರಿಸಲಿಲ್ಲ. ಅಪ್ಪ ಕೂರುತ್ತಿದ್ದ ಜಾಗ ನೋಡುತ್ತಿದ್ದಳು. ನನ್ನ ಎಲೆ ನೋಡಿಕೊಂಡೆ: ಎರಡು ಎಕ್ಕ. ಈ ಆಟದಲ್ಲಿ ಕೈಗೆ ಅದಕ್ಕಿಂತ ಒಳ್ಳೆಯದು ಬರುವುದೇ ಇಲ್ಲ.

ಎರಡು ಎಂದೆ. ಅತ್ತೆ ತಲೆ ಎತ್ತಿದಳು. ನಾಲ್ಕು ಎಂದಳು. ನಾನು ಎಂಟು.

"ಡಬ್ಬಿ ಪೂರಾ," ಎಂದಳು ಅತ್ತೆ.

ಎಕ್ಕ ಎರಡನ್ನೂ ಬೋರಲಾಗಿ ಕೆಳಗಿಟ್ಟೆ.

ಹುಟ್ಟಿದಾಗಿನಿಂದ ತನ್ನ ಎಲೆಯನ್ನೇ ನೋಡದವಳು ಕೈಚಾಚಿ ನನ್ನವನ್ನು ಮಗುಚಿದಳು. ಬಹಳ ಹೊತ್ತು ನೋಡಿದಳು. ಮತ್ತೆ ಬೋರಲು ಹಾಕಿ, ಡಬ್ಬಿಯನ್ನು ಚೀಲಕ್ಕಿಳಿಸಿದಳು.

"ಬರೂ ಪಂಚಮಿಗೆ ಫೋನ್ ಹಚ್ಚಬ್ಯಾಡ," ಎಂದಳು. "ನೀನ ಬಾ."