ಹಲಗೆಗೆ ಅಂಟಿಕೊಂಡ ಸಂಘದ ಇತಿಹಾಸ

"ಇತಿಹಾಸ ಓದೋರು ಬೇಕಾದಷ್ಟು ಜನ ಇದ್ದಾರೆ ಕಣೇ. ಅದನ್ನ ಎಬ್ಬಿಸಿ ನಿಲ್ಸೋನು ನಾನೊಬ್ನೇ!" ಎಂದು ಹಲ್ಲುಜ್ಜುತ್ತಲೇ ಘೋಷಿಸಿದೆ.

"ಮೊದ್ಲು ಬಾತ್‌ರೂಮಿನ ನಲ್ಲಿ ನಿಲ್ಸಿ. ರಾತ್ರಿಯೆಲ್ಲ ತೊಟ್ಟಿಕ್ಕುತ್ತೆ," ಎಂದಳು ನನ್ನಾಕೆ.

ಮಹಾಕಾರ್ಯಕ್ಕೆ ಹೊರಟವರು ನಲ್ಲಿಯ ಮಾತಿಗೆಲ್ಲ ಕಿವಿಗೊಡಬಾರದು. ನಾನು ವೃತ್ತಿಯಿಂದ ಹಲ್ಲಿನ ಡಾಕ್ಟರು. ಪ್ರವೃತ್ತಿಯಿಂದ ಹಳೇ ಕಾರುಗಳ ಸಂಘದ ಕಾರ್ಯದರ್ಶಿ. ಸುತ್ತಮುತ್ತಲ ಊರುಗಳಿಗೆಲ್ಲ ಇದೊಂದೇ ಸಂಘ. ಸದಸ್ಯರು ಮೂವರು! ನಮ್ಮ ಕಾರುಗಳು ಇರುವುದು ನಮ್ಮ ಮನೆಯ ಪಕ್ಕದಲ್ಲೇ ಇರುವ ನನ್ನಾಕೆಯ ದೊಡ್ಡಮ್ಮನ ಶೆಡ್ಡಿನಲ್ಲಿ. ಆ ದೊಡ್ಡಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಭಾನುವಾರ ಬರ್ತೀನಿ. ನನ್ನನ್ನ ಕೂರಿಸ್ಕೊಂಡು ಮೂರೂ ಗಾಡಿ ಒಂದು ಸುತ್ತು ಹೊಡೆದ್ರೆ ಶೆಡ್ಡು ನಿಮ್ದು. ಇಲ್ದಿದ್ರೆ ಸೋಮವಾರವೇ ಬಡಗಿಗೆ ಬಿಟ್ಕೊಡ್ತೀನಿ."

ಶೆಡ್ಡು ಹೋದರೆ ಸಂಘವೇ ಹೋದಂತೆ. ಎಣ್ಣೆ ಸೋರುವ ಈ ಮುದುಕರಿಗೆ ಬೇರೆ ಯಾವ ಪುಣ್ಯಾತ್ಮ ಜಾಗ ಕೊಟ್ಟಾನು? ಆದರೆ ಬರೀ ಓಡಿಸಿ ತೋರಿಸುವುದರಲ್ಲಿ ಏನು ಹೆಚ್ಚುಗಾರಿಕೆ! ಸಂಘದ ಇತಿಹಾಸದ ಪ್ರದರ್ಶನವನ್ನೇ ಇಟ್ಟು ದೊಡ್ಡಮ್ಮನನ್ನು ದಂಗುಬಡಿಸಬೇಕೆಂದು ತೀರ್ಮಾನಿಸಿದೆ.

ನಮ್ಮ ಇತಿಹಾಸವೆಂದರೆ ಕೆಟ್ಟು ನಿಂತದ್ದರ ಇತಿಹಾಸ. ನನ್ನ ಕಾರಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕಟ್ಟಿಕೊಂಡು ಪೇಟೆಯ ನಡುವೆ ನಿಂತಾಗ, ಹಿಂದಿದ್ದ ಎರಡು ಹಳೇ ಕಾರುಗಳಿಂದ ಬೇಕರಿಯವರೂ ಟೈಲರ್ ಮಾಸ್ತರೂ ಬೈಯಲೆಂದು ಇಳಿದು ಬಂದರು. ಬೈದು ಮುಗಿಯುವಷ್ಟರಲ್ಲಿ ಸಂಘ ಹುಟ್ಟಿತ್ತು! ಬೇಕರಿಯವರ ಕಾರಿನಲ್ಲಿ ಇಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೈಕೊಟ್ಟದ್ದರಿಂದ ನಮ್ಮ ಮೊದಲ ಮಹಾಯಾತ್ರೆ ಊರಾಚೆಯ ಸೇತುವೆಯ ಮೇಲೆಯೇ ಮಂಗಳ ಹಾಡಿತು. ಮಾಸ್ತರ ಕಾರಿನಲ್ಲಿ ಇಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪನ್ನು ರಿಪೇರಿ ಮಾಡಬೇಕೋ ಹೊಸದು ಹಾಕಬೇಕೋ ಎಂಬ ಜಗಳದಲ್ಲಿ ಸಂಘ ಎರಡು ಹೋಳಾಗಿ, ಒಂದು ಬಣದಲ್ಲಿ ಮಾಸ್ತರೊಬ್ಬರೇ ಸಭೆ ನಡೆಸಿ, ತಮಗೆ ತಾವೇ ವಂದಿಸಿಕೊಂಡದ್ದೂ ಉಂಟು.

ಈ ಮೂರು ಐತಿಹಾಸಿಕ ಬಿಡಿಭಾಗಗಳನ್ನೂ ಶನಿವಾರ ಕಾರುಗಳಿಂದ ಬಿಚ್ಚಿ, ಒಂದು ದಪ್ಪ ಹಲಗೆಯ ಮೇಲೆ ಸಾಲಾಗಿ ಇಟ್ಟೆ.

"ತಂತಿ ಕಟ್ಟೋಣ," ಎಂದರು ಬೇಕರಿಯವರು.

"ತಂತಿ! ಇತಿಹಾಸಕ್ಕೆ ತಂತಿಯೇ? ಹಲ್ಲಿನ ಸಿಮೆಂಟ್ ತಂದಿದ್ದೀನಿ. ಒಂದೊಂದು ಚಿಟಿಕೆ ಸಾಕು."

"ಆಮೇಲೆ ಬಿಡುತ್ತಾ?" ಎಂದರು ಮಾಸ್ತರು.

"ಕೀಳೋದೇ ನನ್ನ ಕಸುಬು ಮಾಸ್ತರೇ! ದೊಡ್ಡಮ್ಮ ಪ್ರದರ್ಶನ ನೋಡಿ ಟೀ ಕುಡಿಯೋದ್ರೊಳಗೆ ಮೂರನ್ನೂ ಕಿತ್ತು, ಮತ್ತೆ ಕಾರಿಗೆ ಕೂರಿಸ್ತೀನಿ."

ಭಾನುವಾರ ದೊಡ್ಡಮ್ಮ ಬಂದರು, ಹಲಗೆ ನೋಡಿದರು, "ಹೂಂ" ಎಂದರು, ನನ್ನಾಕೆಯ ಜೊತೆ ಮನೆಯೊಳಗೆ ಟೀಗೆ ಹೋದರು. ನಾನು ಕಾರ್ಬ್ಯುರೇಟರಿಗೆ ಕೈ ಹಾಕಿದೆ. ಅಲುಗಲಿಲ್ಲ! ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಸ್ಕ್ರೂಡ್ರೈವರೇ ಬಾಗಿತು. ನಾನು ಎಳೆದೆ, ನನ್ನನ್ನು ಬೇಕರಿಯವರು ಎಳೆದರು, ಅವರನ್ನು ಮಾಸ್ತರು ಎಳೆದರು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದೆವೇ ಹೊರತು ಇತಿಹಾಸ ಕದಲಲಿಲ್ಲ.

ಸದ್ದಿಗೆ ನನ್ನಾಕೆ ಓಡಿ ಬಂದು ಸಿಮೆಂಟಿನ ಡಬ್ಬಿ ಎತ್ತಿ ನೋಡಿದಳು. "ರೀ, ತಾತ್ಕಾಲಿಕದ್ದು ಹಸಿರು ಡಬ್ಬಿ ಅಲ್ವಾ? ಇದು ನೀಲಿ. ಶಾಶ್ವತದ್ದು!"

ಈ ಸಿಮೆಂಟ್ ಹಾಕಿಸಿಕೊಂಡ ಒಬ್ಬ ರೋಗಿಯೂ ಹಲ್ಲು ಸಡಿಲವಾಯಿತೆಂದು ಮರಳಿ ಬಂದಿಲ್ಲ ಎಂಬ ನನ್ನ ಹೆಮ್ಮೆ ಈಗ ನನ್ನನ್ನೇ ಅಣಕಿಸುತ್ತಿತ್ತು. "ಶೆಡ್ಡು ಹೋಯ್ತು ಕಣೇ! ನನ್ನ ಕೈಯಾರೆ ಸಂಘಕ್ಕೆ ಎಳ್ಳುನೀರು ಬಿಟ್ಟೆ!"

"ಅಳೋದು ಆಮೇಲೆ. ಹಗ್ಗ ಇದೆಯಾ?" ಎಂದಳು.

ನೋಡನೋಡುತ್ತಲೇ ಅವಳ ಪುಟ್ಟ ಹೊಸ ಕಾರಿನ ಹಿಂದೆ ನನ್ನ ಕಾರು, ಅದರ ಹಿಂದೆ ಬೇಕರಿಯವರದು, ಕೊನೆಗೆ ಮಾಸ್ತರದು, ಎಲ್ಲ ಹಗ್ಗದಲ್ಲಿ ಸಾಲುಗಟ್ಟಿ ನಿಂತವು. ದೊಡ್ಡಮ್ಮನಿಗೆ ಕಣ್ಣು ಮಂಜು, ಹಗ್ಗ ಕಾಣಲಾರದು. ಆದರೆ ಕಿವಿ ಚುರುಕು!

"ಸದ್ದಿಲ್ದಿದ್ರೆ ಸಿಕ್ಕಿಬೀಳ್ತೀವಲ್ರೀ!" ಎಂದು ಬೇಕರಿಯವರು ಪಿಸುಗುಟ್ಟಿದರು.

"ಬಾಯಿ ಇದೆಯಲ್ಲ!" ಎಂದೆ.

ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಟೀರಿಂಗ್ ಹಿಡಿದೆ. "ಮುಂದಿರೋದು ಬೆಂಗಾವಲು ಗಾಡಿ ದೊಡ್ಡಮ್ಮಾ," ಎಂದು ವಿವರಿಸಿ, ಮುಖ ಕಿಟಕಿಯ ಕಡೆ ತಿರುಗಿಸಿ "ಡುರ್ರ್ರ್..." ಎಂದು ಶುರುಮಾಡಿದೆ. ಹಿಂದಿನಿಂದ ಬೇಕರಿಯವರು ದಪ್ಪ ದನಿಯಲ್ಲಿ ಗುಡುಗುಟ್ಟಿದರು. ಮಾಸ್ತರು ಹೊಲಿಗೆ ಮಿಷನ್ನಿನ ರಾಗ ಹಿಡಿದರು. ಮೆರವಣಿಗೆ ಹೊರಟಿತು!

"ಎಷ್ಟು ಹಳೇ ಗಾಡಿ ಅಳಿಯಂದ್ರೇ ಇದು?" ಎಂದರು ದೊಡ್ಡಮ್ಮ.

ಅಯ್ಯೋ! ಉತ್ತರ ಕೊಟ್ಟರೆ ಇಂಜಿನ್ ನಿಲ್ಲುತ್ತದೆ. ಇಂಜಿನ್ ಓಡಿದರೆ ಉತ್ತರವಿಲ್ಲ. "ನಮ್ಮಪ್ಪನ... ಡುರ್ರ್... ಕಾಲದ್ದು... ಡುರ್ರ್ರ್..."

"ಮಧ್ಯೆ ಮಧ್ಯೆ ನಿಲ್ಲುತ್ತಲ್ಲ?"

"ಗೇರ್... ಡುರ್ರ್... ಬದಲಾಯಿಸ್ತಿದ್ದೀನಿ..."

ಆಮೇಲೆ ಅವರು ಪ್ರಶ್ನೆಗಳ ಸುರಿಮಳೆಯನ್ನೇ ಸುರಿಸಿದರು. ಬಣ್ಣ ಯಾವಾಗ ಹೊಡೆಸಿದ್ದು? ಟೈರು ಎಲ್ಲಿಯದು? ಮಕ್ಕಳೆಲ್ಲ ಚೆನ್ನಾಗಿದ್ದಾರಾ? ನಾನು ಬೆವರಿ ತೊಪ್ಪೆಯಾದೆ. ಪಕ್ಕದಲ್ಲಿ ದೊಡ್ಡಮ್ಮ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದರು, ಭುಜಗಳು ಕುಲುಕುತ್ತಿದ್ದವು. ಇಂಜಿನ್ನಿನ ನಡುಕ ಇರಬೇಕು ಎಂದುಕೊಂಡೆ. ಇಂಜಿನ್ ನಾನೇ ಎಂಬುದು ಆಮೇಲೆ ಹೊಳೆಯಿತು!

ಅಂತೂ ಇಂತೂ ಸುತ್ತು ಮುಗಿಸಿ ಶೆಡ್ಡಿನೊಳಗೆ ಬಂದೆವು. ಹಗ್ಗವೂ ಹರಿಯಲಿಲ್ಲ, ಮಾನವೂ ಹರಿಯಲಿಲ್ಲ. ಆದರೂ ತೀರ್ಪು ಬರುವವರೆಗೆ ಎಚ್ಚರ ತಪ್ಪಬಾರದೆಂದು ನಾನು ಸಣ್ಣಗೆ ಡುರ್‌ಗುಟ್ಟುತ್ತಲೇ ಇದ್ದೆ. ದೊಡ್ಡಮ್ಮ ಇಳಿದು, ಕಣ್ಣೊರೆಸಿಕೊಂಡು, "ಬಡಗಿಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳ್ತೀನಿ. ಶೆಡ್ಡು ನಿಮಗೇ ಇರ್ಲಿ," ಎಂದರು.

ಬೇಕರಿಯವರು ಮಾಸ್ತರನ್ನು ತಬ್ಬಿಕೊಂಡರು. ನನ್ನಾಕೆ ತನ್ನ ಕಾರಿಗೆ ಒರಗಿ ಉಸ್ಸೆಂದಳು. ನನಗಂತೂ ಹೋದ ಜೀವ ಬಂದಂತಾಯಿತು. ಎದೆಯ ಮೇಲಿನ ಬಂಡೆ ಇಳಿದು, ಆ ಎಣ್ಣೆ ವಾಸನೆಯ ಶೆಡ್ಡು ಅರಮನೆಯಂತೆ ಕಂಡಿತು.

ದೊಡ್ಡಮ್ಮ ಬಾಗಿಲವರೆಗೆ ಹೋದವರು ತಿರುಗಿ ನಿಂತು, ಇನ್ನೂ ಕಾರಿನೊಳಗೇ ಕೂತಿದ್ದ ನನ್ನನ್ನೇ ಕರುಣೆಯಿಂದ ನೋಡಿದರು.

"ಶೆಡ್ಡು ಕೊಟ್ಟಾಯ್ತಲ್ಲ ಅಳಿಯಂದ್ರೇ, ಇನ್ನಾದ್ರೂ ಇಂಜಿನ್ ಆಫ್ ಮಾಡಿ. ಪಾಪ, ಗಂಟಲು ಕೆಟ್ಟೀತು!"