ಚನಿಯಪ್ಪನ ನಾಲಗೆ

ಜ್ವರ ಬಿಟ್ಟ ಮೇಲೆ ಬೆಳ್ಳಾರೆಯ ಅಡುಗೆಯ ದೇರಣ್ಣನಿಗೆ ಮೆಣಸೂ ಬೆಲ್ಲವೂ ಒಂದೇ ಆಗಿಬಿಟ್ಟಿದ್ದವು. ಸಾರಿನ ಹನಿಯನ್ನು ಅಂಗೈಗೆ ಬಿಟ್ಟು ನೆಕ್ಕಿ, ಐನೂರು ಎಲೆಯ ಊಟಕ್ಕೆ ಉಪ್ಪು ಹೇಳುತ್ತಿದ್ದ ನಾಲಗೆ ಅದು. ನಾಳೆಯೇ ಕುಶಾಲಪ್ಪ ಗೌಡರ ಮಗಳ ಮದುವೆ. ಸಂಗತಿ ಹೊರಬಿದ್ದರೆ ಇನ್ನು ಯಾರೂ ಅವನ ಕೈಗೆ ಸೌಟು ಕೊಡುವುದಿಲ್ಲ.

ಊರವರ ಕಣ್ಣು ತಪ್ಪಿಸಿ ಬೆಳಗಿನ ಬಸ್ಸಿಗೇ ಪುತ್ತೂರಿನ ಆಸ್ಪತ್ರೆಯೊಂದಕ್ಕೆ ಹೋದ. ಕೌಂಟರಿನಲ್ಲಿದ್ದ ತೃಪ್ತಿ ಸಿಸ್ಟರ್ "ಹೆಸರು?" ಎಂದಾಗ ಗಾಬರಿಯಲ್ಲಿ ಬಾಯಿಗೆ ಬಂದದ್ದು ತನ್ನ ಸಹಾಯಕನ ಹೆಸರು.

"ಚನಿಯಪ್ಪ... ಬೆಳ್ಳಾರೆ. ಅಡುಗೆ ಕೆಲಸ." ಕಾಯಿಲೆಯನ್ನು ಅವಳಿಗಷ್ಟೇ ಕೇಳುವಂತೆ ಪಿಸುಗುಟ್ಟಿದ.

"ಹೆದರ್ಬೇಡಿ, ಇಲ್ಲಿಯದ್ದು ಹೊರಗೆ ಹೋಗುದಿಲ್ಲ" ಎಂದು ಧೈರ್ಯ ಹೇಳಿದ ತೃಪ್ತಿ ಒಳಗಿದ್ದ ಡಾಕ್ಟರಿಗೆ ಕೂಗಿದಳು: "ಸರ್, ಬೆಳ್ಳಾರೆಯ ಅಡುಗೆ ಚನಿಯಪ್ಪನವರಿಗೆ ರುಚಿಯೇ ಗೊತ್ತಾಗುದಿಲ್ಲಂತೆ!"

ಬೆಂಚುಗಳ ಮೇಲಿದ್ದ ನಲವತ್ತು ತಲೆ ತಿರುಗಿದವು. ದೇರಣ್ಣ ಹೆಗಲ ಮೇಲಿನ ಬೈರಾಸಿನಿಂದ ಮುಖ ಮುಚ್ಚಿಕೊಂಡ.

ಸರಿಹೋಗಲು ಎರಡು ತಿಂಗಳು ಬೇಕೆಂದರು ಡಾಕ್ಟರು. ಬೇಕಾದರೆ ಬೇಕು. ಅಲ್ಲಿಯವರೆಗೆ ಚನಿಯಪ್ಪ ಗುಟ್ಟಾಗಿ ನೆಕ್ಕಿ ಹೇಳಿದರಾಯಿತು. ಹದಿನೆಂಟು ವರ್ಷ ಜೊತೆಯಲ್ಲೇ ಪಳಗಿದ ನಾಲಗೆ.

ವಾಪಸು ಬರುವ ಬಸ್ಸು ಇನ್ನೂ ಪುತ್ತೂರು ಬಿಟ್ಟಿರಲಿಲ್ಲ. ಕಂಡಕ್ಟರ್ ಧರ್ಮಪಾಲ ಟಿಕೆಟ್ ಕೊಡುತ್ತಾ ಬಗ್ಗಿದ. "ದೇರಣ್ಣ, ನಿಮ್ಮ ಚನಿಯಪ್ಪನ ನಾಲಗೆ ಸತ್ತೇ ಹೋಯ್ತಂತಲ್ಲ ಮಾರಾಯ್ರೆ!"

ದೇರಣ್ಣ ದಂಗಾದ. ಜೇಬಿನಲ್ಲಿದ್ದ ಡಾಕ್ಟರ ಚೀಟಿಯ ಶಾಯಿ ಇನ್ನೂ ಆರಿರಲಿಲ್ಲ! ಹಿಂದಿನ ಸೀಟಿನ ಹೆಂಗಸರು ಆಗಲೇ ಚನಿಯಪ್ಪನಿಗೆ ಕಷಾಯ ಗೊತ್ತುಮಾಡುತ್ತಿದ್ದರು. ಬೆಳ್ಳಾರೆಯಲ್ಲಿ ಇಳಿಯುವಾಗ ಆ ನಾಲಗೆ ಕಪ್ಪಗಾಗಿದೆಯೆಂದು ಹೋಟೆಲಿನವರು ಮರುಗುತ್ತಿದ್ದರು. ಈ ವೇಗಕ್ಕೆ ನಿಜಕ್ಕೂ ಕೈಮುಗಿಯಬೇಕು ಅನಿಸಿತು ಅವನಿಗೆ. ಹೆಸರು ಬದಲಿಸಿದ ತನ್ನ ಜಾಣತನಕ್ಕೂ ಒಳಗೊಳಗೇ ಒಂದು ನಮಸ್ಕಾರ ಹಾಕಿಕೊಂಡ.

ಮದುವೆಮನೆಯ ಅಂಗಳದಲ್ಲೇ ಕುಶಾಲಪ್ಪ ಗೌಡರು ಎದುರಾದರು.

"ಬನ್ನಿ ದೇರಣ್ಣ. ನನ್ನ ಅಕ್ಕನ ಮಗಳು ತೃಪ್ತಿ ಪುತ್ತೂರಿಂದ ಫೋನ್ ಮಾಡಿದ್ದಳು, ಯಾರಿಗೂ ಹೇಳ್ಬೇಡಿ ಅಂತ. ಚನಿಯಪ್ಪನನ್ನು ಮನೆಗೆ ಕಳಿಸಿದೆ. ನನಗೆ ಎಂತದೂ ಆಗ್ಲಿಲ್ಲ ಅಂತ ಅತ್ತ, ಪಾಪ. ಇನ್ನು ಎಲ್ಲದಕ್ಕೂ ನಿಮ್ಮ ನಾಲಗೆಯೇ ಗತಿ."

ದೇರಣ್ಣನ ಜಾಣತನ ಜರ್ರನೆ ಇಳಿಯಿತು. ಗೌಡರ ಹೆಂಡತಿ ಶೀಲಾವತಿ ಒಲೆಯ ಮೇಲಿದ್ದ ಸಾರಿನಿಂದ ಒಂದು ಹನಿ ತಂದು ಅವನ ಅಂಗೈಗೆ ಬಿಟ್ಟರು. ಮನೆಯವರೆಲ್ಲ ಭಕ್ತಿಯಿಂದ ನೋಡುತ್ತಾ ನಿಂತರು. ದೇರಣ್ಣ ನೆಕ್ಕಿದ, ಕಣ್ಣು ಮುಚ್ಚಿದ, ಎಂದಿನಂತೆ ಗಂಭೀರವಾಗಿ ತಲೆಯಾಡಿಸಿದ.

"ಉಪ್ಪು ಹದವಾಗಿ ಉಂಟು."

ಶೀಲಾವತಿಯ ಸೌಟು ಗಾಳಿಯಲ್ಲೇ ನಿಂತಿತು.

"ಉಪ್ಪು ಹಾಕ್ಲಿಕ್ಕೆ ನಿಮ್ಮನ್ನೇ ಕಾಯ್ತಾ ಇದ್ದೆವಲ್ಲ, ದೇರಣ್ಣ!"